‘ಮೇಲ್ಮೈ ವಿನ್ಯಾಸ’ ಅಂದರೆ ಸಾಕಾ? ಬೇರಿಂಗಿನ ಟೆಕ್ಸ್ಚರಿಂಗ್‌ಗೆ ಒಂದು ಮಾತು ಬೇಕಿದೆ

ಎಲ್ಲರಿಗೂ ನಮಸ್ಕಾರ.

ಐಟಿಐ ಫಿಟ್ಟರ್ ಹುಡುಗರಿಗೆ ಕನ್ನಡದಲ್ಲಿ ಪಾಠದ ಹಾಳೆ ಬರೆದುಕೊಡುವುದು ನನ್ನ ಕೆಲಸ. ಈ ಸಲ ಜರ್ನಲ್ ಬೇರಿಂಗಿನ ಪಾಠ. ಎಣ್ಣೆಯಲ್ಲಿ ಓಡುವ ಬೇರಿಂಗಿನ ಒಳಮೈಯಲ್ಲಿ ಬೇಕಂತಲೇ ಪುಟ್ಟ ಪುಟ್ಟ ಗುಳಿ ಮಾಡಿದರೆ ಏನು ಲಾಭ, ಏನು ನಷ್ಟ ಅನ್ನುವುದು ವಿಚಾರ. ಹೀಗೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಸರ್ಫೇಸ್ ಟೆಕ್ಸ್ಚರಿಂಗ್ ಅನ್ನುತ್ತಾರೆ. ಇಂಗ್ಲಿಷಿನ ತಲೆಬರಹವನ್ನು ಸುಮ್ನೆ ಕಂಪ್ಯೂಟರಿನ ಅನುವಾದಕ್ಕೆ ಹಾಕಿ ನೋಡಿದೆ. ಬಂದದ್ದು ಇದು: ‘ನಯಗೊಳಿಸಿದ ಪತ್ರಿಕೆ ಬೇರಿಂಗ್‌ಗಳ ಕಾರ್ಯಕ್ಷಮತೆಯ ಮೇಲೆ ಮೇಲ್ಮೈ ವಿನ್ಯಾಸದ ಪರಿಣಾಮ’. ಪಕ್ಕದಲ್ಲಿ ನಿಂತಿದ್ದ ಹುಡುಗ, ‘ಸಾರ್, ಇದು ಯಾವ ಪೇಪರಲ್ಲಿ ಬಂದಿತ್ತು?’ ಅಂದ.

‘ಪತ್ರಿಕೆ’ಯ ತಪ್ಪು ನಗಿಸುತ್ತದೆ ಅಷ್ಟೆ, ಕೆಡುಕು ಮಾಡುವುದಿಲ್ಲ. ಶಾಫ್ಟಿನಲ್ಲಿ ಬೇರಿಂಗಿನ ಒಳಗೆ ಕೂತು ತಿರುಗುವ ಭಾಗ ಯಾವುದೋ ಅದಕ್ಕೆ ಇಂಗ್ಲಿಷಿನಲ್ಲಿ ಜರ್ನಲ್ ಅನ್ನುತ್ತಾರೆ. ನಾನು ‘ಅಚ್ಚಿನ ಕತ್ತು’ ಅಂತ ಬರೆದು ನೋಡಿದೆ. ಎತ್ತಿನ ಗಾಡಿ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ: ಗಾಲಿಯ ಗುಂಬದೊಳಗೆ ಹೊಕ್ಕಿರುವ ಅಚ್ಚಿನ ತುದಿ. ತಮಾಷೆ ಅಂದರೆ, ನಮ್ಮ ಅಚ್ಚಿಗೂ ಎರಡು ಮುಖ ಇದೆ. ಗಾಡಿಯ ಅಚ್ಚು ಒಂದು, ಪುಸ್ತಕದ ಅಚ್ಚು ಇನ್ನೊಂದು. ಪತ್ರಿಕೆ ಇಲ್ಲೂ ಬೆನ್ನು ಬಿಡಲಿಲ್ಲ! ಇನ್ನು ಇಡೀ ಜರ್ನಲ್ ಬೇರಿಂಗಿಗೆ ವರ್ಕ್‌ಶಾಪಿನಲ್ಲಿ ಎಲ್ಲರೂ ‘ಬುಷ್’ ಅನ್ನುತ್ತಾರೆ. ಬೇರಿಂಗು ಅಂದರೆ ಅವರಿಗೆ ಗುಂಡು ಇರುವುದು ಮಾತ್ರ. ಹಾಗಾಗಿ ಬುಷ್ ಅಂತಲೇ ಉಳಿಸಿಕೊಂಡಿದ್ದೇನೆ. ಇದರ ಬಗ್ಗೆ ತಕರಾರಿಲ್ಲ.

‘ನಯಗೊಳಿಸಿದ’ ಅನ್ನುವುದು ಮಾತ್ರ ನಿಜವಾಗಿ ಕೆಡುಕು ಮಾಡುತ್ತದೆ. ಮೂಲದಲ್ಲಿ ಇರುವುದು ಎಣ್ಣೆ ಹಾಕಿದ ಬೇರಿಂಗು. ಕನ್ನಡದಲ್ಲಿ ನಯ ಅಂದರೆ ನುಣುಪು. ನಯಗೊಳಿಸಿದ ಬುಷ್ ಅಂದರೆ ಹುಡುಗರು ಎಮರಿ ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದ್ದು ಅಂದುಕೊಳ್ಳುತ್ತಾರೆ. ಪಾಠ ಹೇಳುತ್ತಿರುವುದೋ ನುಣುಪಾದ ಮೈಗೆ ಗುಳಿ ಹೊಡೆಯುವ ಕತೆ. ಒಂದೇ ಸಾಲಿನಲ್ಲಿ ನಯ ಮಾಡು, ಗುಳಿ ಮಾಡು ಅಂದರೆ ಓದುವವನು ಯಾವುದನ್ನು ನಂಬಬೇಕು?

ಲೂಬ್ರಿಕೆಂಟ್‌ಗೆ ‘ಕೀಲೆಣ್ಣೆ’ ಒಳ್ಳೆಯ ಮಾತು, ನನಗೂ ಇಷ್ಟ. ಆದರೆ ಬೋರ್‌ವೆಲ್ಲಿನೊಳಗೆ ಇಳಿಬಿಡುವ ನೀರು ತುಂಬಿದ ಸಬ್‌ಮರ್ಸಿಬಲ್ ಮೋಟರಿನಲ್ಲಿ ಬುಷ್‌ನೊಳಗೆ ಶಾಫ್ಟ್ ತಿರುಗುವುದು ನೀರಿನ ಪದರದ ಮೇಲೆ. ಅಲ್ಲಿ ಎಣ್ಣೆಯೇ ಇಲ್ಲ. ‘ನೀರು ಕೀಲೆಣ್ಣೆಯಾಗಿ’ ಅಂತ ಬರೆದರೆ ಕಿವಿಗೆ ಹಿತವಾಗಿಲ್ಲ. ಕೊನೆಗೆ ‘ಎಣ್ಣೆಯ ಪದರದ ಮೇಲೆ ಶಾಫ್ಟ್ ತಿರುಗುವ ಬುಷ್’, ‘ನೀರಿನ ಪದರದ ಮೇಲೆ ಶಾಫ್ಟ್ ತಿರುಗುವ ಬುಷ್’ ಅಂತ ಉದ್ದವಾಗಿಯೇ ಬರೆದೆ. ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ನನ್ನ ನಿಜವಾದ ಪ್ರಶ್ನೆ ಇರುವುದು ‘ವಿನ್ಯಾಸ’ದ ಬಗ್ಗೆ. ಟೆಕ್ಸ್ಚರ್ ಅಂದರೆ ವಿನ್ಯಾಸ ಅಂತ ಹಲವು ಕಡೆ ನಡೆದುಹೋಗಿದೆ. ಡಿಸೈನ್‌ಗೂ ವಿನ್ಯಾಸವೇ. ಬೇರಿಂಗಿನ ವಿನ್ಯಾಸ ಅಂದರೆ ಅದರ ಅಳತೆ, ಸಂದು, ಲೋಹದ ಆಯ್ಕೆ ಎಲ್ಲ ಬಂತು. ಗುಳಿ ಹೊಡೆಯುವುದು ಅದರಲ್ಲಿ ಒಂದು ಚೂರು. ಇಂಗ್ಲಿಷಿನ ಮಾತೂ ಪೂರ್ತಿ ಶುದ್ಧವಾಗಿಲ್ಲ ಅನ್ನಿ. ಮೆಷಿನ್ ಡ್ರಾಯಿಂಗಿನಲ್ಲಿ ಸರ್ಫೇಸ್ ಟೆಕ್ಸ್ಚರ್ ಅಂದರೆ ಕತ್ತರಿಸುವಾಗ ತಾನಾಗಿ ಉಳಿಯುವ ತರಿ, ಅಲೆ, ಗೆರೆಯ ದಿಕ್ಕು. ಟೆಕ್ಸ್ಚರಿಂಗ್ ಅಂದಾಗ ಮಾತ್ರ ನಾವು ಲೆಕ್ಕ ಹಾಕಿ, ಜಾಗ ನೋಡಿ ಮಾಡಿದ ಗುಳಿ, ಗೀರು. ಒಂದು ತಾನಾಗಿ ಬಂದದ್ದು, ಇನ್ನೊಂದು ಮಾಡಿದ್ದು. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತು ಇದ್ದರೆ ನಾವು ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ.

ಪದ ಹುಡುಕುವ ಮುಂಚೆ ಆ ಗುಳಿ ಮಾಡುವ ಕೆಲಸ ಏನು ಅಂತ ಒಂದಿಷ್ಟು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುಮ್ಮನೆ ಕಿವಿಗೆ ಚೆಂದ ಕಾಣುವ ಪದ ಆರಿಸಿಬಿಡುತ್ತೇವೆ.

50 ಮಿಲಿಮೀಟರ್ ಶಾಫ್ಟಿಗೆ ಬುಷ್‌ನಲ್ಲಿ ಬಿಡುವ ಒಟ್ಟು ಸಂದು ಸುಮಾರು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಲೇತಿನಲ್ಲಿ ಕೆಲಸ ಮಾಡುವ ಟರ್ನರುಗಳ ಲೆಕ್ಕದಲ್ಲಿ ಎರಡು ಥೌ, ಅಂದರೆ ಅಂಗುಲದ ಸಾವಿರದಲ್ಲಿ ಎರಡು ಪಾಲು. ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪ. ಭಾರ ಬಿದ್ದ ಶಾಫ್ಟ್ ಈ ಸಂದಿನಲ್ಲಿ ಒಂದು ಕಡೆ ವಾಲಿ ಕೂರುತ್ತದೆ. ಹಾಗಾಗಿ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ತಿರುಗುವ ಶಾಫ್ಟ್ ಎಣ್ಣೆಯನ್ನು ಅಗಲದಿಂದ ಇಕ್ಕಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಎಣ್ಣೆ ಬೆಣೆಯ ಹಾಗೆ ನುಗ್ಗಿ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ‘ಎಣ್ಣೆಯ ಬೆಣೆ’ ಅನ್ನುವ ಮಾತು ಹುಡುಗರಿಗೆ ಎಷ್ಟು ಬೇಗ ಹತ್ತಿತು ಅಂದರೆ, ಚಿತ್ರ ಬರೆಯುವ ಮೊದಲೇ ಒಬ್ಬ ‘ಮರ ಸೀಳೋ ಬೆಣೆ ತರಾನಾ ಸಾರ್?’ ಅಂದ.

ಈ ಬೆಣೆ ಮೊದಲು ಕಣ್ಣಿಗೆ ಬಿದ್ದದ್ದು ಒಂದು ತೂತಿನಿಂದ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಅನ್ನುವ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಎಣ್ಣೆ ಬಿಡೋಣ ಅಂತ ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದರು. ಯಂತ್ರ ಓಡಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲೆ ಉಕ್ಕಿತು. ಬಿರಡೆ ಜಡಿದರು, ಅದನ್ನೂ ಹೊರಕ್ಕೆ ತಳ್ಳಿತು. ಒತ್ತಡ ಅಳೆಯುವ ಗಡಿಯಾರ ಕೂರಿಸಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ಮೇಲೆ ಹೇರಿದ ಭಾರ ಅದೇ ಲೆಕ್ಕದಲ್ಲಿ, ಚದರ ಅಂಗುಲಕ್ಕೆ, ಸರಾಸರಿ 100 ಪೌಂಡಿನಷ್ಟು ಮಾತ್ರ ಇತ್ತು. ಅದಕ್ಕೆ ಲೆಕ್ಕ ಕಟ್ಟಿಕೊಟ್ಟವರು ಆಸ್ಬೋರ್ನ್ ರೆನಾಲ್ಡ್ಸ್, 1886ರಲ್ಲಿ.

ಈಗ ಗುಳಿಯ ವಿಚಾರಕ್ಕೆ ಬನ್ನಿ. ಲೇಸರಿನಿಂದ ಮಾಡುವ ಒಂದು ಗುಳಿ ಅಂದಾಜು 100 ಮೈಕ್ರಾನ್ ಅಗಲ, ಐದೋ ಹತ್ತೋ ಮೈಕ್ರಾನ್ ಆಳ ಇರುತ್ತದೆ. ಎಣ್ಣೆ ಗುಳಿಗೆ ಇಳಿಯುವ ಕಡೆ ಸಂದು ದಿಢೀರ್ ಅಂತ ಅಗಲವಾಗುತ್ತದೆ, ಒತ್ತಡ ಬೀಳುತ್ತದೆ. ಏರುವ ಕಡೆ ಸಂದು ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಹಾಗಾದರೆ ಒಂದಕ್ಕೊಂದು ಸರಿಹೋಗಿ ಲಾಭ ಸೊನ್ನೆ ಆಗಬೇಕಲ್ವಾ? ಆಗುವುದಿಲ್ಲ. ಒತ್ತಡ ಬೀಳುವುದಕ್ಕೆ ಒಂದು ತಳ ಇದೆ. ತೀರಾ ಕೆಳಗೆ ಹೋದರೆ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ, ಅಲ್ಲಿಗೆ ಬೀಳುವುದು ನಿಲ್ಲುತ್ತದೆ. ಏರುವುದಕ್ಕೆ ಅಂಥ ತಡೆ ಇಲ್ಲ. ಉಳಿಯುವ ಚೂರು ಲಾಭ ಶಾಫ್ಟನ್ನು ಎತ್ತುತ್ತದೆ. ಈ ವಾದವನ್ನು 1966ರಲ್ಲೇ ಹ್ಯಾಮಿಲ್ಟನ್, ವಾಲೊವಿಟ್, ಆಲೆನ್ ಅನ್ನುವ ಮೂವರು ಮಂಡಿಸಿದ್ದರು. 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯನ್ ವಿಶ್ವವಿದ್ಯಾಲಯದಲ್ಲಿ ಇಝಾಕ್ ಎಟ್ಸಿಯಾನ್ ಲೇಸರ್ ಗುಳಿಗಳ ಮೇಲೆ ಕೆಲಸ ಮಾಡಿ ಅದಕ್ಕೆ ಹೊಸ ಜೀವ ಕೊಟ್ಟರು.

ಗುಳಿ ಎಲ್ಲಿ ಬೇಕಾದರೂ ಒಳ್ಳೆಯದು ಅಂತಲ್ಲ. ಬೆಣೆಯ ಒತ್ತಡ ಏರಿ ನಿಂತಿರುವ ಜಾಗದಲ್ಲೇ ಹೊಡೆದರೆ ಟವರ್ ಅವರ ತೂತಿನ ಪುಟ್ಟ ತಮ್ಮಂದಿರ ಹಾಗೆ ಒತ್ತಡ ಹಂಚಿಹೋಗುತ್ತದೆ. ಅದಕ್ಕೇ ಬುಷ್‌ನ ಮೈತುಂಬ ಗುಳಿ ಹೊಡೆದಾಗ ಭಾರ ಹೊರುವ ಶಕ್ತಿ ಎಷ್ಟೋ ಸಲ ಕಡಿಮೆಯೇ ಆಗುತ್ತದೆ. ಒತ್ತಡ ಇಳಿಮುಖವಾಗಿರುವ ಕಡೆ ಮಾತ್ರ ಒಂದು ಪಟ್ಟಿಯಷ್ಟು ಹೊಡೆದರೆ ಲಾಭ ಕಾಣುತ್ತದೆ. ಜಾಸ್ತಿ ಲಾಭ ಇರುವುದು ಶುರುವಾಗುವಾಗ ಮತ್ತು ನಿಲ್ಲುವಾಗ. ಆಗ ವೇಗ ಸಾಲದೆ ಬೆಣೆ ಕಟ್ಟಿಕೊಂಡಿರುವುದಿಲ್ಲ, ಲೋಹಕ್ಕೆ ಲೋಹ ತಾಗುತ್ತದೆ. ಗುಳಿಯಲ್ಲಿ ಕೂತ ಎಣ್ಣೆ ಆ ಹೊತ್ತಿಗೆ ಒದಗುತ್ತದೆ. ಉದುರಿದ ಲೋಹದ ಪುಡಿಯೂ ಅದರಲ್ಲಿ ಬಿದ್ದು ಸುಮ್ಮನಿರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ರೋಲರುಗಳು ನಿಧಾನ ತಿರುಗುತ್ತವೆ, ಭಾರ ಮಾತ್ರ ವಿಪರೀತ. ಅಂಥ ಕಡೆ ಬೇರಿಂಗಿಗೆ ಪೂರ್ತಿ ಬೆಣೆ ಸಿಗುವುದೇ ಕಷ್ಟ.

ಇದನ್ನೆಲ್ಲ ನನಗೆ ಪರಿಚಯದ ಟರ್ನರ್ ಒಬ್ಬರ ಹತ್ತಿರ ಹೇಳಿದೆ. ಅವರು ಲೇತಿನ ಮೇಲಿದ್ದ ಗನ್‌ಮೆಟಲ್ ಬುಷ್ ಒರೆಸುತ್ತಾ, ‘ನುಣ್ಣಗೆ ಮಾಡೋಕೆ ಒಂದು ದುಡ್ಡು, ಆಮೇಲೆ ಕೆಡಿಸೋಕೆ ಇನ್ನೊಂದು ದುಡ್ಡಾ ಸಾರ್?’ ಅಂದರು. ಒಂದು ಕ್ಷಣ ಬಿಟ್ಟು ಅವರೇ, ‘ಇರಿ, ಸಿಲಿಂಡರ್ ಬೋರಿಗೆ ಹೋನಿಂಗ್ ಗೆರೆ ಹಾಕಲ್ವಾ? ಗೆರೆ ಇಲ್ಲದಿದ್ರೆ ಎಣ್ಣೆ ನಿಲ್ಲಲ್ಲ’ ಅಂದರು. ಎಂಜಿನ್ ಸಿಲಿಂಡರಿನ ಒಳಮೈಗೆ ಸಾಣೆಕಲ್ಲಿನಿಂದ ಉಜ್ಜಿ ಹಾಕುವ ಸಣ್ಣ ಗೆರೆಗಳ ಮಾತು ಅದು. ‘ಎಣ್ಣೆ ನಿಲ್ಲಲ್ಲ’ ಅನ್ನುವ ಆ ಮಾತು ಕಿವಿಯಲ್ಲಿ ಉಳಿಯಿತು.

ನನಗೆ ಸಿಕ್ಕ ಕನ್ನಡದ ಮಾತುಗಳ ತೊಡಕು ಅಲ್ಲೇ ಇದೆ. ಅಜ್ಜಿಯ ಮನೆಯಲ್ಲಿ ಬೀಸುಕಲ್ಲು ನುಣ್ಣಗಾದರೆ ಕಲ್ಲು ಕುಟ್ಟುವವರನ್ನು ಕರೆದು ‘ಕಕ್ಕು ಹಾಕಿಸು’ತ್ತಿದ್ದರು. ಕುಡುಗೋಲಿಗೂ ಕಕ್ಕು. ಬೇಕಂತಲೇ, ಸಾಲಾಗಿ, ಉಳಿ ಹಿಡಿದು ಮಾಡುವ ಕೆಲಸ. ಟೆಕ್ಸ್ಚರಿಂಗ್‌ಗೆ ಇದಕ್ಕಿಂತ ಹತ್ತಿರದ ಮಾತು ಇಲ್ಲ ಅಂತ ಕುಣಿದಾಡಿದೆ. ಆಮೇಲೆ ಯೋಚಿಸಿದರೆ, ಕಲ್ಲಿಗೆ ಕಕ್ಕು ಹಾಕುವುದು ಕಾಳು ಜಾರದೆ ಕಚ್ಚಲಿ ಅಂತ. ಇಲ್ಲಿ ಬೇಕಾದದ್ದು ಕಚ್ಚದೆ ಜಾರಲಿ ಅಂತ. ತರಿ, ಒರಟು, ಮುಳ್ಳು, ಕಚ್ಚು, ಯಾವುದನ್ನು ತೆಗೆದುಕೊಂಡರೂ ಇದೇ ಕತೆ. ಮೈಯನ್ನು ಗೀರುವ ನಮ್ಮ ಮಾತುಗಳೆಲ್ಲ ಹಿಡಿತಕ್ಕಾಗಿ ಹುಟ್ಟಿದ ಹಾಗಿವೆ. ಜೊತೆಗೆ ‘ಕಕ್ಕು’ ಅಂದರೆ ಇನ್ನೊಂದು ಅರ್ಥವೂ ಇದೆಯಲ್ಲ. ‘ಕಕ್ಕುವ ಬುಷ್’ ಅಂತ ಯಾರಾದರೂ ಓದಿಕೊಂಡರೆ ಎಣ್ಣೆ ಸೋರುತ್ತಿದೆ ಅಂದುಕೊಂಡಾರು.

‘ಗುಳಿ’ಯದು ಬೇರೆ ಗುಣ. ಅದು ಕಚ್ಚುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಇಂಗ್ಲಿಷಿನವರು ಈ ಪುಟ್ಟ ತಗ್ಗಿಗೆ ಡಿಂಪಲ್ ಅನ್ನುತ್ತಾರೆ, ನಮ್ಮ ಕೆನ್ನೆಯ ಗುಳಿಯೇ. ಅಳಗುಳಿಮಣೆ ನೋಡಿ: ನುಣುಪಾದ ಮಣೆ, ಅದರಲ್ಲಿ ಅಳತೆಯ ಗುಳಿಗಳ ಸಾಲು. ಅಡುಗೆಮನೆಯ ಗುಳಿಯಪ್ಪದ ಕಾವಲಿ ಇನ್ನೂ ಹತ್ತಿರ. ದೋಸೆಯ ಕಾವಲಿ ಓರೆಯಾದರೆ ಎಣ್ಣೆ ಒಂದು ಕಡೆ ಹರಿದುಹೋಗುತ್ತದೆ. ಗುಳಿಯಪ್ಪದ ಕಾವಲಿಯಲ್ಲಿ ಒಂದೊಂದು ಗುಳಿಗೆ ಅರ್ಧ ಚಮಚ ಬಿಟ್ಟರೆ ಅಲ್ಲಲ್ಲೇ ನಿಲ್ಲುತ್ತದೆ. ಟರ್ನರ್ ಹೇಳಿದ್ದೂ ಅದನ್ನೇ ಅಲ್ವಾ?

ಹಾಗಾಗಿ ಸದ್ಯಕ್ಕೆ ‘ಮೈಗುಳಿ’, ‘ಮೈಗುಳಿ ಹೊಡೆಯುವುದು’ ಅಂತ ಬರೆದಿದ್ದೇನೆ. ತಾನಾಗಿ ಬಂದ ಒರಟಿಗೆ ‘ಮೈತರಿ’. ‘ಕುಳಿ’ ಬೇಡ ಅನಿಸಿತು, ಹಲ್ಲಿನ ಹುಳುಕು ನೆನಪಾಗುತ್ತದೆ. ಗುಳ್ಳೆ ಏಳುವುದನ್ನು ‘ಗುಳ್ಳೆಗಟ್ಟುವುದು’ ಅಂದರೆ ‘ಗುಳಿಯಲ್ಲಿ ಗುಳ್ಳೆ’ ಆಗುತ್ತದೆ. ನಾಲಿಗೆ ತೊಡರಿದರೂ ಮರೆಯುವ ಹಾಗಿಲ್ಲ.

ಒಂದು ಕಡೆ ಮಾತ್ರ ಸೋತಿದ್ದೇನೆ. ಟೆಕ್ಸ್ಚರಿಂಗ್ ಅಂದರೆ ಗುಳಿಯಷ್ಟೇ ಅಲ್ಲ. ಹಾರ್ಡ್ ಡಿಸ್ಕಿನ ಮೋಟರಿನ ಬೇರಿಂಗಿನಲ್ಲಿ ಮೀನಿನ ಮುಳ್ಳಿನಂಥ ಓರೆ ಗೀರುಗಳಿವೆ. ಅವು ಎಣ್ಣೆಯನ್ನು ನಡುವಿಗೆ ತಳ್ಳುತ್ತವೆ. ಅದನ್ನು ಮೈಗುಳಿ ಅನ್ನಲಾಗುವುದಿಲ್ಲ. ಗುಳಿ, ಗೀರು ಎರಡನ್ನೂ ಒಳಗೊಳ್ಳುವ ಒಂದು ಮಾತು ಬೇಕು.

ಗಾಣ, ಗಾಡಿ, ಬಡಗಿತನ, ಕಮ್ಮಾರಿಕೆ ಇರುವ ಮನೆಗಳಿಂದ ಬಂದವರು ಈ ಬಳಗದಲ್ಲಿ ಹಲವರು ಇದ್ದೀರಿ. ಮರದ ಗಾಣದ ಒನಕೆಗೋ, ಗಾಡಿಯ ಅಚ್ಚಿಗೋ, ಎಣ್ಣೆ ನಿಲ್ಲಲಿ ಅಂತ ಗೀರು ಹಾಕುವ ರೂಢಿ ಇತ್ತಾ? ಇದ್ದರೆ ಅದಕ್ಕೆ ಏನನ್ನುತ್ತಿದ್ದರು? ‘ಕಕ್ಕು’ ಅನ್ನುವ ಮಾತು ಕಲ್ಲು, ಕುಡುಗೋಲು ಬಿಟ್ಟು ಬೇರೆ ಯಾವುದಕ್ಕಾದರೂ ನಿಮ್ಮ ಕಡೆ ಬಳಕೆಯಲ್ಲಿದೆಯಾ? ಉತ್ತರ ಕರ್ನಾಟಕ, ಕರಾವಳಿಯವರು ದಯವಿಟ್ಟು ಹೇಳಿ, ನನ್ನ ಕಿವಿ ಹಳೇ ಮೈಸೂರಿನದು.

ಹಾಳೆ ಬರುವ ಸೋಮವಾರ ಜೆರಾಕ್ಸಿಗೆ ಹೋಗುತ್ತದೆ. ತಲೆಬರಹವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.