ಅಪ್‌ಡೇಟ್: ಥ್ರಾಟಲ್ ಏರಿಸಿದಾಗ ಸಿಗ್ನಲ್ ಕುಸಿಯುತ್ತಿದ್ದ ಮಾಡೆಲ್ ವಿಮಾನ

ನನ್ನ ರಿಮೋಟ್ ವಿಮಾನದ ರೇಂಜ್ ಚೆಕ್‌ನಲ್ಲಿ (ದೂರಕ್ಕೆ ಸಿಗ್ನಲ್ ಸಿಗುತ್ತದೆಯೇ ಎಂಬ ಪರೀಕ್ಷೆ) ಮೋಟಾರ್ ನಿಂತಿದ್ದಾಗ ಎಲ್ಲ ಸರಿ, ಥ್ರಾಟಲ್ (ಮೋಟಾರ್ ವೇಗ) ಏರಿಸಿದರೆ ಸರ್ವೋಗಳು, ಅಂದರೆ ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್‌ಗಳು, ತಡವರಿಸುತ್ತವೆ, ಏಕೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ, ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ.

ಮೊದಲು ರಿಸೀವರ್ ಮತ್ತು ಸರ್ವೋಗಳಿಗೆ ವಿದ್ಯುತ್ ಕೊಡುವ ಬಿಇಸಿ ಮೇಲೆ ಅನುಮಾನವಿತ್ತು. ಎಲ್ಲ ಸರ್ವೋ ಒಟ್ಟಿಗೆ ಆಡಿಸಿ ಅಳೆದರೂ ವೋಲ್ಟೇಜ್ 5 ವೋಲ್ಟ್‌ಗಿಂತ ಕೆಳಗೆ ಇಳಿಯಲಿಲ್ಲ. ತೊಂದರೆ ಇದ್ದದ್ದು ಜಾಗದಲ್ಲಿ: ಸಿಗ್ನಲ್ ಹಿಡಿಯುವ ರಿಸೀವರ್, ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿಗೆ ತಾಗಿಕೊಂಡಿತ್ತು, ಅದರ ಎರಡು ಆಂಟೆನಾಗಳಲ್ಲಿ ಒಂದು ಕಾರ್ಬನ್ ಸ್ಪಾರ್ (ರೆಕ್ಕೆಗೆ ಬಲ ಕೊಡುವ ಕಡ್ಡಿ) ಪಕ್ಕದಲ್ಲೇ ಹಾದಿತ್ತು. ಕಾರ್ಬನ್ ವಿದ್ಯುತ್ ವಾಹಕ, ರಿಮೋಟ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಿಗೆ ಅಡ್ಡಗೋಡೆಯಿದ್ದಂತೆ.

ರಿಸೀವರನ್ನು ಸ್ಪಂಜಿನಲ್ಲಿ ಸಡಿಲವಾಗಿ ಸುತ್ತಿ ರೆಕ್ಕೆಯ ಹಿಂದಕ್ಕೆ, ಮೋಟಾರ್ ತಂತಿಗಳಿಂದ ದೂರ ಇಟ್ಟಾಯಿತು. ಆಂಟೆನಾದಲ್ಲಿ ನಿಜವಾಗಿ ಸಿಗ್ನಲ್ ಹಿಡಿಯುವುದು ತುದಿಯ ಸುಮಾರು 31 ಮಿಲಿಮೀಟರ್ ಬರಿಯ ತಂತಿ ಮಾತ್ರ. ಅದನ್ನು ಮಡಿಸಬಾರದು, ಕತ್ತರಿಸಲೂಬಾರದು. ಎರಡೂ ಆಂಟೆನಾಗಳ ತುದಿಗಳನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಪರಸ್ಪರ 90 ಡಿಗ್ರಿಯಲ್ಲಿ ನಿಲ್ಲಿಸಿದೆ. ತಂತಿಯ ತುದಿ ನೇರ ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಕಡೆ ತಿರುಗಿದಾಗ ಸಿಗ್ನಲ್ ತೀರ ಕ್ಷೀಣ. ಆಗ ಇನ್ನೊಂದು ಆಂಟೆನಾ ಕೈಹಿಡಿಯುತ್ತದೆ.

ತೂಕ ಹಿಂದೆ ಸರಿದದ್ದರಿಂದ ಬ್ಯಾಟರಿ ಮುಂದೆ ತಳ್ಳಿ ಸಿಜಿ (ವಿಮಾನದ ಗುರುತ್ವ ಕೇಂದ್ರ) ಮತ್ತೆ ಹೊಂದಿಸಬೇಕಾಯಿತು.

ಫೇಲ್‌ಸೇಫ್ (ಸಿಗ್ನಲ್ ಕಡಿದಾಗ ಮೋಟಾರ್ ತಾನೇ ನಿಲ್ಲುವ ವ್ಯವಸ್ಥೆ) ಪರೀಕ್ಷೆಯನ್ನು ದಯವಿಟ್ಟು ಯಾರೂ ಬಿಡಬೇಡಿ. ಪ್ರೊಪೆಲ್ಲರ್ ಕಳಚಿ, ಥ್ರಾಟಲ್ ಸ್ವಲ್ಪ ಏರಿಸಿ ಟ್ರಾನ್ಸ್‌ಮಿಟರ್ ಆರಿಸಿ, ಮೋಟಾರ್ ನಿಲ್ಲಲೇಬೇಕು.