ಅಥೆನ್ಸ್ ಮ್ಯಾರಥಾನ್: ಏಜೆಂಟ್ ಮೂಲಕ ಹೋಗೋದಾ, ನಾವೇ ಮಾಡಿಕೊಳ್ಳೋದಾ?

ಜಯನಗರದ ಓಟಗಾರ: ನವೆಂಬರ್‌ನಲ್ಲಿ ಅಥೆನ್ಸ್ ಮ್ಯಾರಥಾನ್ ಓಡುವ ಆಸೆ. ಜೊತೆಗೆ ಅಪ್ಪನೂ ಬರುತ್ತಾರೆ. 68 ವರ್ಷ, ಮಂಡಿನೋವು. ಪ್ಯಾಕೇಜ್ ತಗೊಳ್ಳಲಾ, ನಾನೇ ಬುಕ್ ಮಾಡಲಾ? ಹೋಗಿ ಬಂದವರು ಹೇಳಿ.

ನಂದಿಬೆಟ್ಟದ ಕಾಲು: ಏಜೆಂಟ್ ಯಾಕೆ ಸ್ವಾಮಿ? ನಾನೇ ಎಲ್ಲ ಮಾಡಿಕೊಂಡೆ. ಸಿಂಟಾಗ್ಮಾ ಚೌಕದ ಹತ್ತಿರ ರೂಮು ಹಿಡಿದೆ. ಓಟ ಶುರುವಾಗುವ ಮ್ಯಾರಥಾನ್ ಊರಿಗೆ ಹೋಗುವ ಬಸ್ಸು ಬೆಳಗಿನ ಜಾವ ಅಲ್ಲೇ ಸಿಗುತ್ತೆ. ಶುರುವಿಗೆ ಮುಂಚೆ ಚಳಿಯಲ್ಲಿ ತುಂಬಾ ಹೊತ್ತು ಕಾಯಬೇಕು, ಬಿಸಾಡುವಂಥ ಹಳೇ ಸ್ವೆಟರ್ ಇಟ್ಟುಕೊಳ್ಳಿ. ಮೊದಲ ಹತ್ತು ಕಿ.ಮೀ. ಸಲೀಸು. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ಜೊತೆ ನಡೆದ ಯುದ್ಧದಲ್ಲಿ ಸತ್ತ 192 ಅಥೆನ್ಸ್ ಸೈನಿಕರ ಸಮಾಧಿ ದಿಬ್ಬ ಸುತ್ತಿ ಬರುತ್ತೀರಿ. ಊರಿನವರು ಆಲಿವ್ ಟೊಂಗೆ ಕೈಗೆ ಕೊಡುತ್ತಾರೆ. ಆಮೇಲೆ ಹೆಚ್ಚುಕಡಿಮೆ 31ನೇ ಕಿ.ಮೀ. ತನಕ ಏರೋ ಏರು. ದಾರಿಯಲ್ಲಿರುವ ಪಿಕೆರ್ಮಿ ಊರು ದಾಟುವಾಗ ನನ್ನ ಪಕ್ಕದವರೆಲ್ಲ ನಡೆಯುತ್ತಿದ್ದರು, ನಾನು ಓಡುತ್ತಿದ್ದೆ. ಬೇಸಿಗೆಯಿಡೀ ನಂದಿಬೆಟ್ಟ ಹತ್ತಿದ್ದು ಸುಮ್ನೆ ಅಲ್ಲ.

ದುಡ್ಡು ಕಳ್ಕೊಂಡವಳು: ನಿಮಗೆ ನಡೀತು, ಸಂತೋಷ. ನನ್ನ ಏಜೆಂಟ್ ಫೈಲ್ ಇಟ್ಟುಕೊಂಡು ಕೂತ, ವೀಸಾ ತಡವಾಯಿತು. ವೀಸಾ ಫೀ 90 ಯೂರೋ, ಅದು ವಾಪಸ್ ಬರಲ್ಲ. ಅದರ ಮೇಲೆ ಅವನ ಸರ್ವಿಸ್ ಚಾರ್ಜ್ 6,500 ರೂಪಾಯಿ. ವಿಮೆ 2,140. ಟಿಕೆಟ್ ಕ್ಯಾನ್ಸಲ್‌ಗೆ ಹೋಗಿದ್ದು 31,800. ಹೋಟೆಲ್‌ನವರು ಒಂದು ರಾತ್ರಿಯ ದುಡ್ಡು ಮುರಿದುಕೊಂಡರು. ಕೇಳಿದರೆ "ಮೇಡಂ, ಮುಂದಿನ ವರ್ಷ ಡಿಸ್ಕೌಂಟ್ ಕೊಡ್ತೀನಿ" ಅಂದ!

ನಂದಿಬೆಟ್ಟದ ಕಾಲು: ಅದಕ್ಕೇ ಹೇಳಿದ್ದು, ಏಜೆಂಟ್ ಬೇಡ ಅಂತ.

ದುಡ್ಡು ಕಳ್ಕೊಂಡವಳು: ಎಲ್ಲರಿಗೂ ಆಫೀಸ್‌ನಲ್ಲಿ ಕೂತು ಫಾರ್ಮ್ ತುಂಬುವಷ್ಟು ಬಿಡುವು ಇರಲ್ಲ ಸಾರ್.

ಫ್ರಾಂಕ್‌ಫರ್ಟ್ ಕನ್ನಡಿಗ: ನಮಗೆ ವೀಸಾ ರಗಳೆ ಇಲ್ಲ. ನನಗೆ ಹೊಡೆತ ಕೊಟ್ಟಿದ್ದು ಇಳಿಜಾರು. ಕೊನೆಯ ಹತ್ತು ಕಿ.ಮೀ. ಇಳಿಯುವಾಗ ತೊಡೆ ಕಲ್ಲಾಯಿತು. ಓಟ ಮುಗಿಯುವ ಅಮೃತಶಿಲೆಯ ಸ್ಟೇಡಿಯಂ ಒಳಗೆ ಕುಂಟುತ್ತಾ ಹೋದೆ. ಆಮೇಲೆ ಹೋಟೆಲ್ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಆದರೂ ಯುದ್ಧ ಗೆದ್ದ ಸುದ್ದಿ ಹೊತ್ತು ಫೈಡಿಪಿಡೀಸ್ ಓಡಿದ ದಾರಿ ಅಲ್ವಾ, ಮೈ ಜುಂ ಅಂತು.

ಹೆರೊಡೊಟಸ್ ಓದಿದವ: ತಪ್ಪು. ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಪ್ರಕಾರ ಆತ ಓಡಿದ್ದು ಸ್ಪಾರ್ಟಾಗೆ, ಸಹಾಯ ಕೇಳಲು, ಯುದ್ಧಕ್ಕೆ ಮುಂಚೆ. ಗೆದ್ದ ಸುದ್ದಿ ಹೇಳಿ ಸತ್ತ ಕಥೆ ನೂರಾರು ವರ್ಷಗಳ ಮೇಲೆ ಪ್ಲುಟಾರ್ಕ್ ಅನ್ನೋ ಗ್ರೀಕ್ ಲೇಖಕ ಬರೆದಿದ್ದು, ಅಲ್ಲಿ ಹೆಸರೂ ಬೇರೆ. ನಿಜವಾದ ಓಟ ಬೇಕಾದರೆ ಸ್ಪಾರ್ಟಥ್ಲಾನ್ ಓಡಿ, ಅಥೆನ್ಸ್‌ನಿಂದ ಸ್ಪಾರ್ಟಾಗೆ 246 ಕಿ.ಮೀ.

ಫ್ರಾಂಕ್‌ಫರ್ಟ್ ಕನ್ನಡಿಗ: ನೀವು ಓಡಿದ್ದೀರಾ?

ಹೆರೊಡೊಟಸ್ ಓದಿದವ: ಪ್ರಶ್ನೆ ಅದಲ್ಲ.

ಜಯನಗರದ ಓಟಗಾರ: ಅಪ್ಪನಿಗೆ ಕೂರುವ ವ್ಯವಸ್ಥೆ...?

ನಂದಿಬೆಟ್ಟದ ಕಾಲು: ಸ್ಟೇಡಿಯಂನಲ್ಲಿ ಕೂರಿಸಿ, ಆಯ್ತು. ಈ ಪುಸ್ತಕದ ಪಂಡಿತರಿಗೆ ಒಂದು ಮಾತು: 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಊರಿನಿಂದಲೇ ಓಡಿ ಸ್ಪಿರಿಡಾನ್ ಲೂಯಿಸ್ ಗೆದ್ದ. ನೀರು ಹೊರುವವ. ಪ್ಲುಟಾರ್ಕ್ ಓದಿ ಓಡಿದನಾ?

ಹೆರೊಡೊಟಸ್ ಓದಿದವ: ಆಗ ದೂರ ಸುಮಾರು 40 ಕಿ.ಮೀ. ಅಷ್ಟೇ. 42.195 ಬಂದಿದ್ದು 1908ರ ಲಂಡನ್‌ನಲ್ಲಿ.

ನಂದಿಬೆಟ್ಟದ ಕಾಲು: ಆ ಉಳಿದ ಎರಡು ಕಿ.ಮೀ. ಆದರೂ ನೀವು ಓಡಿ ತೋರಿಸಿ.

ದುಡ್ಡು ಕಳ್ಕೊಂಡವಳು: ನಿಮ್ಮ ಜಗಳ ಆಮೇಲೆ. ಟಿಕೆಟ್ ಕ್ಯಾನ್ಸಲ್ ದುಡ್ಡು ವಿಮೆಯಿಂದ ವಾಪಸ್ ಪಡೆದವರು ಯಾರಾದರೂ ಇದ್ದೀರಾ? ವೀಸಾ ತಡವಾದರೆ ಕೊಡಲ್ಲ ಅಂತಿದ್ದಾರೆ.