ತೋಟದಂಚಿನ ಕಚೇರಿಗೆ ಮಣ್ಣಿನ ಗೋಡೆ ತಡೆದೀತೇ?

ಪ್ರಶ್ನೆ: ಶಿರಸಿಯ ಬಳಿ ನಮ್ಮ ಅಡಿಕೆ ತೋಟದ ಅಂಚಿನಲ್ಲಿ, ಮರ ಕಡಿಯದೆ, ಎಸಿ ಬೇಡದ ಸಣ್ಣ ಕಚೇರಿಯೊಂದನ್ನು ಕಟ್ಟಬೇಕೆಂದಿದ್ದೇವೆ. ಮಣ್ಣಿನ ಇಟ್ಟಿಗೆ ಇಲ್ಲಿಯ ಮಳೆಗೆ ನಿಲ್ಲುತ್ತದೆಯೇ?

ಉತ್ತರ 1: ಬುಡ ಒದ್ದೆಯಾಗದಿದ್ದರೆ ನಿಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರವು ಬಳಕೆಗೆ ತಂದ, ಸುಮಾರು ಶೇ 7ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಸುಡಬೇಕಾಗಿಲ್ಲ. ಆದರೆ ನೆಲದಿಂದ ಎರಡಡಿಯವರೆಗೆ ಕಲ್ಲಿನ ಕಟ್ಟೆಯಿರಬೇಕು, ನೈಋತ್ಯದ ಇರಚಲು ಹೊಡೆಯುವ ಬದಿಗೆ ಮಾಡು (ಸೂರು) ಚೆನ್ನಾಗಿ ಮುಂಚಾಚಿರಬೇಕು.

ಉತ್ತರ 2: ಗೋಡೆಗಿಂತ ಜುಲೈನ ತೇವವೇ ದೊಡ್ಡ ತಲೆನೋವು, ಕಡತಗಳಿಗೆ ಬೂಷ್ಟು ಹಿಡಿಯುತ್ತದೆ. ಮಾಡಿನ ನೆತ್ತಿಯಲ್ಲಿ ಗಾಳಿಕಿಂಡಿ ಬಿಡಿ. ಮಳೆಗಾಲದಲ್ಲಿ ಸೋಲಾರ್ ಒಂದನ್ನೇ ನಂಬಬೇಡಿ.

ಉತ್ತರ 3: ಮೊದಲು ಪಹಣಿ ನೋಡಿ. ಸೊಪ್ಪಿನ ಬೆಟ್ಟವಾದರೆ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟುಕೊಟ್ಟ ಅರಣ್ಯಭೂಮಿ) ಕಟ್ಟುವಂತಿಲ್ಲ. ಮಾಲ್ಕಿ, ಅಂದರೆ ಸ್ವಂತ ಕೃಷಿಭೂಮಿಯಾದರೂ ಭೂಪರಿವರ್ತನೆಯಾಗಬೇಕು, ಅಂದರೆ ಕೃಷಿಯೇತರ ಬಳಕೆಗೆ ಅನುಮತಿ ಪಡೆಯಬೇಕು.